ಹನ್ನೊಂದು ಕೈಗಳ ಹಾಜರಿ

ಹತ್ತೇ ನಿಮಿಷದಲ್ಲಿ ಹನ್ನೊಂದು ಸಹಿ ಬಂದಿದ್ದಕ್ಕೆ ಅವತ್ತು ನಾನು ಖುಷಿಪಟ್ಟೆ. ಅನುಮಾನ ಪಡಬೇಕಿತ್ತು.

ಬಾಳೂರಿನ ಮೇಲಿನ ಒಂದು ಕಾಫಿ ಎಸ್ಟೇಟು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಯೂ ಬಿದ್ದು, ಎಲ್ಲರೂ ಮರಗಸಿಗೆ ತಯಾರಾಗುತ್ತಿದ್ದ ದಿನಗಳು. ಮರಗಸಿ ಅಂದರೆ ಕಾಫಿ ಗಿಡಕ್ಕೆ ನೆರಳಾಗಿ ನಿಂತ ದೊಡ್ಡ ಮರಗಳನ್ನು ಹತ್ತಿ, ಕೊಂಬೆ ಇಳಿಸಿ, ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೆಳಕು ಬಿಡುವ ಕೆಲಸ. ಹತ್ತುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಹೊಸಬರು ಹತ್ತಿದರೆ ಬೀಳುತ್ತಾರೆ. ಹಾಗಾಗಿ ನೆಲದ ಮೇಲೇ ನಿಂತು, ಕಣ್ಣಿಗೆ ವಿ.ಆರ್. ಹೆಡ್‌ಸೆಟ್ ಕಟ್ಟಿಕೊಂಡು, ಇಲ್ಲದ ಮರ ಹತ್ತಿ ಇಲ್ಲದ ಕೊಂಬೆ ಕಡಿದು ಕಲಿಯುವಂಥ ಒಂದು ತರಬೇತಿ ಬೇಕು ಅಂತ ಬೆಳೆಗಾರರ ಒಂದು ಗುಂಪು ನಮ್ಮಿಬ್ಬರಿಗೆ ಕೆಲಸ ಒಪ್ಪಿಸಿತ್ತು. ಇಬ್ಬರು ಅಂದರೆ ಪ್ರೋಗ್ರಾಂ ಬರೆಯುವ ನಾನು, ಮರ, ಗಿಡ, ಕೈಕಾಲುಗಳ ಚಿತ್ರ ಕೂರಿಸುವ ನನ್ನ ಜೊತೆಗಾರ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಕೋಣೆ ನಮ್ಮ ಆಫೀಸು.

ಕಲಿಸಬೇಕಾದರೆ ಮೊದಲು ಬಲ್ಲವರಿಂದ ಕಲಿಯಬೇಕಲ್ಲ. ಆ ಎಸ್ಟೇಟಿನಲ್ಲಿ ಈಗ ಮರಗಸಿಗೆ ಹತ್ತುವವರು ಹನ್ನೊಂದು ಜನ. ಅವರಿಗೆ ಹೆಡ್‌ಸೆಟ್ ಹಾಕಿಸಿ, ಎರಡೂ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅವರು ಹತ್ತುವ, ಹಿಡಿಯುವ, ಕಡಿಯುವ ರೀತಿಯನ್ನೆಲ್ಲ ದಾಖಲು ಮಾಡಿಕೊಳ್ಳುವುದು ನಮ್ಮ ಯೋಜನೆ. ಈ ಯಂತ್ರ ಸೆಕೆಂಡಿಗೆ ಹತ್ತಾರು ಸಲ ಬರೆದುಕೊಳ್ಳುತ್ತದೆ: ತಲೆ ಎಲ್ಲಿದೆ, ಕೈ ಎತ್ತ ಹೋಯಿತು, ಕಣ್ಣು ಯಾವುದರ ಮೇಲೆ ನಿಂತಿತು. ಜನರ ಮೈಯಿಂದ ಇಷ್ಟೆಲ್ಲ ತೆಗೆದುಕೊಳ್ಳುವಾಗ ಅವರ ಒಪ್ಪಿಗೆ ಬೇಕೇ ಬೇಕು ಅನ್ನುವುದು ನನಗೆ ಗೊತ್ತಿತ್ತು. ಎರಡು ಪುಟದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದೆ. ‘ದತ್ತಾಂಶ’ ಅಂತ ಬರೆದದ್ದನ್ನು ಹೊಡೆದುಹಾಕಿ ‘ಮಾಹಿತಿ’ ಅಂತ ಮಾಡಿದೆ. ಅಷ್ಟಕ್ಕೇ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಹಾಜರಿ ನೋಡಿಕೊಳ್ಳುವ ರೈಟರು ಹಳೆಯ ಮನುಷ್ಯ, ಉಪಕಾರಿ. ‘ನೀವ್ಯಾಕೆ ಒಬ್ಬೊಬ್ರ ಹತ್ರ ಕೂತು ಪುರಾಣ ಓದ್ತೀರಿ ಮೇಡಂ? ಕೊಡಿ ಇಲ್ಲಿ, ಬೆಳಿಗ್ಗೆ ನಾನೇ ಸೈನ್ ಹಾಕ್ಸಿ ಕೊಡ್ತೀನಿ’ ಅಂದರು. ಕೊಟ್ಟೆ. ಮರುದಿನ ಬೆಳಿಗ್ಗೆ ಕಾಫಿ ಒಣಗಿಸುವ ಕಣದ ಮುಂದೆ ಅವರು ಹೆಸರು ಕೂಗುತ್ತಾ ಹೋದರು, ಜನ ಒಬ್ಬೊಬ್ಬರಾಗಿ ಬಂದು ಬರೆಯುತ್ತಾ ಹೋದರು. ಸ್ವಲ್ಪ ದೂರದಲ್ಲಿ ಹೆಡ್‌ಸೆಟ್ಟಿನ ಪಟ್ಟಿ ಸರಿಮಾಡುತ್ತಿದ್ದ ನಾನು ತಲೆಯೆತ್ತಿಯೂ ನೋಡಲಿಲ್ಲ. ನನಗೆ ಯಾವಾಗಲೂ ಅವಸರ. ನಿಂತಲ್ಲಿ ನಿಲ್ಲುವವಳಲ್ಲ ಅಂತ ಮನೆಯಲ್ಲಿ ಚಿಕ್ಕಂದಿನಿಂದ ಬೈಸಿಕೊಂಡಿದ್ದೇನೆ.

ದಾಖಲೆಯ ಮೊದಲ ದಿನವೇ ಕೆಟ್ಟಿತು. ಕಣದಲ್ಲಿ ಬಿಸಿಲು. ಈ ಹೆಡ್‌ಸೆಟ್ಟುಗಳ ಕ್ಯಾಮೆರಾಗಳಿಗೆ ನೆತ್ತಿಯ ಬಿಸಿಲು ಆಗಿಬರುವುದಿಲ್ಲ, ಕೈ ಇಲ್ಲಿದ್ದರೆ ಅಲ್ಲಿದೆ ಅನ್ನುತ್ತವೆ. ಸಾಮಾನನ್ನೆಲ್ಲ ಹೊತ್ತು ಗೋಡೌನಿಗೆ ಬಂದೆವು. ಗೋಣಿಚೀಲಗಳನ್ನು ಒಂದು ಬದಿಗೆ ಒಟ್ಟಿ, ನಡುವೆ ಗೆಣ್ಣುಗಳನ್ನೇ ಮೆಟ್ಟಿಲಾಗಿ ಬಿಟ್ಟ ಒಂಟಿ ಬಿದಿರಿನ ಏಣಿಯನ್ನು ತೊಲೆಗೆ ಕಟ್ಟಿ ನಿಲ್ಲಿಸಿದೆವು. ಹತ್ತುವುದು ಬರೀ ಮೂರು ಗೆಣ್ಣು, ಉಳಿದದ್ದೆಲ್ಲ ಕಣ್ಣೊಳಗೆ. ಕತ್ತಿಯ ಬದಲು ಅಷ್ಟೇ ತೂಕದ ಮರದ ತುಂಡು. ತಲೆಯ ಕೊಬ್ಬರಿ ಎಣ್ಣೆ ಸ್ಪಂಜಿಗೆ ಹತ್ತಿ ಹೆಡ್‌ಸೆಟ್ ಜಾರುತ್ತಿತ್ತು. ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡು ಹತ್ತಿದವರೊಬ್ಬರು ಇಲ್ಲದ ಮರದ ತುದಿಯಿಂದ ಕೆಳಗೆ ಉಗುಳಲು ಹೋಗಿ ನನ್ನ ಲ್ಯಾಪ್‌ಟಾಪಿಗೆ ಅಭಿಷೇಕವಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಹನ್ನೊಂದು ಜನರಲ್ಲಿ ಹಿರಿಯರನ್ನು ಎಲ್ಲರೂ ದೊಡ್ಡಣ್ಣ ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಮರಗಸಿಯ ಮೊದಲ ದಿನ ಮರದ ಬುಡದಲ್ಲಿ ಕಾಯಿ ಒಡೆದು ಮೊದಲ ಮರ ಹತ್ತುವುದು ಅವರೇ. ಅವರು ಮೊದಲ ಕೊಂಬೆ ಇಳಿಸುವವರೆಗೆ ಬೇರೆ ಯಾರೂ ಕತ್ತಿ ಎತ್ತುವುದಿಲ್ಲ. ಅವರ ದಾಖಲೆ ನೋಡಿ ನನಗೆ ಒಂದು ವಿಷಯ ವಿಚಿತ್ರ ಅನ್ನಿಸಿತು. ಮೇಲೆ ಹೋದವರು ಕಡಿಯಬೇಕಾದ ಕೊಂಬೆಯನ್ನೇ ನೋಡುತ್ತಿಲ್ಲ, ಅವರ ಕಣ್ಣಿನ ಗೆರೆ ಮೊದಲು ನೆಲಕ್ಕೆ ಇಳಿಯುತ್ತಿತ್ತು.

‘ಯಾಕಣ್ಣ?’ ಅಂತ ಕೇಳಿದೆ.

‘ಕೊಂಬೆ ಎಲ್ಲಿಗೂ ಹೋಗಲ್ಲಮ್ಮ, ಅಲ್ಲೇ ಇರ್ತದೆ. ಬೀಳೋ ಜಾಗ ನೋಡ್ಬೇಕು. ಕೆಳಗೆ ಗಿಡ ಇದ್ಯಾ, ಜನ ಇದ್ದಾರಾ ಅಂತ. ಬಿದ್ದಮೇಲೆ ನೋಡಿ ಎಂತ ಮಾಡೋದು?’

ಆ ಒಂದು ಮಾತಿಗೆ ನಮ್ಮ ತರಬೇತಿಯ ಅರ್ಧ ರೂಪವೇ ಬದಲಾಯಿತು. ಅದು ನನಗೂ ಹೇಳಿದ ಮಾತು ಅಂತ ಗೊತ್ತಾಗುವುದಕ್ಕೆ ಇನ್ನೂ ಎರಡು ವಾರ ಬೇಕಾಯಿತು.

ಮೂಡಿಗೆರೆಗೆ ಬಂದು ದಾಖಲೆಗಳಿಂದ ಹೆಸರು ತೆಗೆದೆವು. ಒಂದರಿಂದ ಹನ್ನೊಂದು, ಬರೀ ನಂಬರು. ಮುಖ ಇಲ್ಲ, ದನಿ ಇಲ್ಲ, ಮೈಯೂ ಇಲ್ಲ. ಮತ್ತೆ ಓಡಿಸಿ ನೋಡಿದರೆ ಗಾಳಿಯಲ್ಲಿ ತೇಲುವ ಎರಡು ಕೈ, ಒಂದು ಹೆಡ್‌ಸೆಟ್, ಅಷ್ಟೇ. ‘ಇದರಿಂದ ಯಾರನ್ನೂ ಗುರುತು ಹಿಡಿಯಲು ಸಾಧ್ಯವಿಲ್ಲ’ ಅಂತ ನಮ್ಮ ಕಡತದಲ್ಲಿ ನಾನೇ ಬರೆದೆ. ಆಳುಗಳ ಮೇಲ್ವಿಚಾರಣೆ ನೋಡುವ ಮೇಸ್ತ್ರಿ ಸಂತೆಗೆ ಬಂದಾಗ ಅವರನ್ನು ಕೋಣೆಗೆ ಕರೆದೆವು. ಕೆಲಸದ ಕ್ರಮ ಸರಿಯಾಗಿ ಬಂದಿದೆಯಾ ಅಂತ ನೋಡಿ ಹೇಳಲಿ ಅಂತ.

ಹೆಡ್‌ಸೆಟ್ ಹಾಕಿಕೊಂಡು ಒಂದು ನಿಮಿಷವಾಗಿರಲಿಲ್ಲ. ಮೇಸ್ತ್ರಿ ಹೋ ಅಂತ ನಕ್ಕರು.

‘ಅಯ್ಯೋ, ಇದು ನಮ್ ಭಾವ ಅಲ್ವಾ!’

‘ಹೆಂಗೆ ಗೊತ್ತಾಯ್ತು? ಮುಖಾನೇ ಇಲ್ವಲ್ಲ?’

‘ಮುಖ ಎಂತಕ್ಕೆ ಮಾರಾಯ್ರೆ? ಕೊಂಬೆ ಹಿಡಿಯೋ ಮುಂಚೆ ಎರಡು ಸಲ ತಟ್ತಾನೆ ನೋಡಿ. ಚಗಳಿ ಇರುವೆ ಇದ್ಯಾ ಅಂತ. ಒಂದ್ಸಲ ಕೆಂಪು ಚಗಳಿ ಕಿವಿಯೊಳಗೆ ಹೋಗಿ ಕಚ್ಚಿತ್ತು. ಅವತ್ತಿಂದ ಮನೇಲಿ ಚೊಂಬು ಎತ್ತೋಕೂ ಮುಂಚೆ ತಟ್ತಾನೆ!’

ಎರಡನೆಯದು ಯಾರು, ಮೂರನೆಯದು ಯಾರು, ಎಲ್ಲ ಹೇಳುತ್ತಾ ಹೋದರು. ಒಬ್ಬ ಕತ್ತಿ ಬೀಸುವ ಮುಂಚೆ ಅಂಗೈ ಸೊಂಟಕ್ಕೆ ಒರೆಸಿಕೊಳ್ಳುತ್ತಾನೆ, ಇನ್ನೊಬ್ಬ ಎಡಚ, ಮತ್ತೊಬ್ಬ ಮೂರು ಏಟಿಗೊಮ್ಮೆ ನಿಂತು ಬೀಡಿ ಹುಡುಕುತ್ತಾನೆ. ನನ್ನ ಜೊತೆಗಾರ ನನ್ನ ಮುಖ ನೋಡಿದ. ನಮ್ಮ ನಂಬರುಗಳೆಲ್ಲ ಸಂತೆಯಲ್ಲಿ ಕೊಟ್ಟ ಕಾಗದದ ಚೀಲದಷ್ಟು ತೆಳುವಾಗಿದ್ದವು.

ಏಳನೆಯದಕ್ಕೆ ಬಂದಾಗ ಮೇಸ್ತ್ರಿಯ ನಗು ನಿಂತಿತು. ಬಹಳ ಹೊತ್ತು ನೋಡಿದರು. ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು, ‘ಇದು ಯಾರು ಅಂತ ಗೊತ್ತಾಗ್ಲಿಲ್ಲ’ ಅಂದರು. ಉಳಿದ ನಾಲ್ಕನ್ನೂ ನೋಡಿ ಹೇಳಿಬಿಟ್ಟು, ಕಾಫಿಯನ್ನೂ ಕುಡಿಯದೆ ಚೀಲ ಎತ್ತಿಕೊಂಡು ಹೋದರು.

ಯಾವ ನಂಬರು ಯಾರದ್ದು ಅನ್ನುವ ಪಟ್ಟಿ ನನ್ನ ಹತ್ತಿರ ಇತ್ತು. ಏಳು ಅಂದರೆ ದೊಡ್ಡಣ್ಣ. ಮೇಸ್ತ್ರಿಗೆ ಮರ ಹತ್ತುವುದು ಕಲಿಸಿದವರೇ ಅವರು.

ನಾನು ಏಳನೆಯ ದಾಖಲೆ ಹಾಕಿಕೊಂಡೆ. ಹತ್ತುವಾಗ, ಕಡಿಯುವಾಗ ಎರಡೂ ಕೈ ಕಂಬದಂತೆ ಗಟ್ಟಿ. ಒಂದು ಕೊಂಬೆ ಮುಗಿದು ಇನ್ನೊಂದು ಶುರುವಾಗುವ ನಡುವೆ, ಎಡಗೈ ತೊಡೆಯ ಪಕ್ಕ ಸುಮ್ಮನೆ ತೂಗುಬಿದ್ದಾಗ, ಅದು ನಡುಗುತ್ತಿತ್ತು. ಒಂದೇ ತಾಳದಲ್ಲಿ, ಬಿಡದೆ. ಯಂತ್ರದ ದೋಷ ಇರಬಹುದು ಅಂದುಕೊಂಡೆ. ಇರಲಿ ಅಂತ ಆಸೆಪಟ್ಟೆ. ಅದೇ ಪಟ್ಟಿಯನ್ನು ಒಂದು ಅಕ್ಕಿಚೀಲದ ಮೇಲಿಟ್ಟು ಐದು ನಿಮಿಷ ದಾಖಲು ಮಾಡಿದೆ: ಅಲುಗಲಿಲ್ಲ. ಅದೇ ಪಟ್ಟಿ ಕಟ್ಟಿಕೊಂಡಿದ್ದ ಬೇರೆಯವರ ದಾಖಲೆ ತೆಗೆದೆ: ಅಲುಗಲಿಲ್ಲ. ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ಅಳೆಯುತ್ತಾ ಕೂತವಳಿಗೆ ಇದ್ದಕ್ಕಿದ್ದಂತೆ ನನ್ನ ಮೇಲೇ ಹೇಸಿಗೆಯಾಯಿತು. ಮರ ಕಡಿಯುವುದು ಹೇಗೆ ಅಂತ ತೋರಿಸಿ ಅಂದು ಕರೆದ ಮನುಷ್ಯನ ಕಾಯಿಲೆಯನ್ನು, ಅವರಿಗೇ ಹೇಳದೆ, ಬಾಗಿಲು ಹಾಕಿಕೊಂಡು ನೋಡುತ್ತಿದ್ದೆ.

ಮೇಸ್ತ್ರಿ ಕೈಗುರುತಿನ ಕಥೆಯನ್ನು ಎಸ್ಟೇಟಿನಲ್ಲಿ ತಮಾಷೆಯಾಗಿ ಹೇಳಿದರಂತೆ, ಏಳನೆಯದನ್ನು ಬಿಟ್ಟು. ಅದು ಎಸ್ಟೇಟಿನ ಯಜಮಾನರಾದ ಸಾವುಕಾರರ ಕಿವಿಗೆ ಬಿತ್ತು. ಮರುದಿನವೇ ಫೋನು.

‘ಒಳ್ಳೆ ಕೆಲ್ಸ ಮಾಡಿದ್ದೀರಮ್ಮ. ಹನ್ನೊಂದು ಜನದ್ದೂ ಒಂದೊಂದು ರಿಪೋರ್ಟ್ ಮಾಡ್ಕೊಡಿ. ಯಾರ ಕೈ ಗಟ್ಟಿ, ಯಾರದ್ದು ಸಡಿಲ ಅಂತ. ಮರಗಸಿ ಶುರುವಾಗೋ ಮುಂಚೆ ಯಾರನ್ನ ಹತ್ತಿಸ್ಬೇಕು, ಯಾರನ್ನ ಬಿಡ್ಬೇಕು ಅಂತ ನೋಡ್ತೀನಿ.’

‘ಸಾರ್, ಅದು ತರಬೇತಿಗೆ ಅಂತ ತಗೊಂಡಿದ್ದು...’

‘ಪಕ್ಕದ ತೋಟದಲ್ಲಿ ಹೋದ ವರ್ಷ ಒಬ್ಬ ಬಿದ್ದ. ಸೊಂಟ ಹೋಯ್ತು. ಇನ್ನೂ ಎದ್ದಿಲ್ಲ. ನಾನು ಹೇಳ್ತಿರೋದು ಅವ್ರ ಒಳ್ಳೇದಕ್ಕೇ. ಎಲ್ರೂ ಸೈನ್ ಮಾಡಿದ್ದಾರಲ್ಲ?’

‘ನೋಡುವ ಸಾರ್’ ಅಂದೆ.

ನಮ್ಮ ಕಡೆ ಹಿರಿಯರಿಗೆ, ಯಜಮಾನರಿಗೆ ಯಾರೂ ಮುಖದ ಮೇಲೆ ಬೇಡ ಅನ್ನುವುದಿಲ್ಲ. ‘ನೋಡುವ’ ಅನ್ನುತ್ತಾರೆ. ಊಟಕ್ಕೆ ಬನ್ನಿ ಅಂದರೆ ನೋಡುವ. ಹೆಣ್ಣು ಕೊಡ್ತೀರಾ ಅಂದರೆ ನೋಡುವ. ಕೇಳಿದವರಿಗೂ ಅದು ಇಲ್ಲ ಅಂತ ತಿಳಿಯುತ್ತದೆ, ಹೇಳಿದವರಿಗೂ ಮರ್ಯಾದೆ ಉಳಿಯುತ್ತದೆ. ಸಾವುಕಾರರೂ ಇದೇ ನೀರು ಕುಡಿದವರು.

‘ನೋಡುವ ಅಲ್ಲಮ್ಮ. ಸೋಮವಾರದೊಳಗೆ ಕೊಡಿ’ ಅಂದು ಫೋನ್ ಇಟ್ಟರು.

ಒಪ್ಪಿಗೆ ಪತ್ರ ತೆಗೆದು ಓದಿದೆ. ಎರಡನೇ ಪುಟದ ಕೊನೆಗೆ ನನ್ನದೇ ವಾಕ್ಯ: ‘ತರಬೇತಿ ಹಾಗೂ ಅದಕ್ಕೆ ಸಂಬಂಧಿಸಿದ ಇತರ ಉದ್ದೇಶಗಳಿಗೆ ಬಳಸಲು ಒಪ್ಪಿದ್ದೇನೆ.’ ಹಳೆಯ ಯಾವುದೋ ಇಂಗ್ಲಿಷ್ ನಮೂನೆಯಿಂದ ಯೋಚಿಸದೆ ಇಳಿಸಿದ ಸಾಲು. ‘ಇತರ’ ಅನ್ನುವ ಆ ಮೂರಕ್ಷರದ ಸಂದಿಯಲ್ಲಿ ಸಾವುಕಾರರ ಪಟ್ಟಿ ಸಲೀಸಾಗಿ ನುಗ್ಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ. ಇಡೀ ಶನಿವಾರ ಕಾಲು ಸುಟ್ಟ ಬೆಕ್ಕಿನಂತೆ ಕೋಣೆಯಲ್ಲಿ ಅಡ್ಡಾಡಿದೆ. ಕೊಟ್ಟರೆ ದೊಡ್ಡಣ್ಣ ಮರದಿಂದ ಇಳಿಯುತ್ತಾರೆ, ಅವರ ಗುಟ್ಟು ಊರಿನ ಪಾಲಾಗುತ್ತದೆ. ಕೊಡದೆ ಅವರು ಹತ್ತಿ ಬಿದ್ದರೆ? ಎರಡು ಸಲ ಕಾರಿನ ಕೀಲಿ ಎತ್ತಿಕೊಂಡು ಕೆಳಗಿಳಿದೆ, ಎರಡು ಸಲವೂ ಮೆಟ್ಟಿಲಿಂದ ವಾಪಸು ಬಂದೆ.

‘ಕೂತ್ಕೊಳೆ ಮಾರಾಯ್ತಿ, ತಲೆ ತಿರುಗ್ತಿದೆ ನಂಗೆ’ ಅಂದ ಜೊತೆಗಾರ.

ಭಾನುವಾರ ಬೆಳಿಗ್ಗೆ ಹೊರಟೇಬಿಟ್ಟೆ. ಎಸ್ಟೇಟಿನ ಕೆಳಗಿನ ಇಳಿಜಾರಿನಲ್ಲಿ ದೊಡ್ಡಣ್ಣನ ಸ್ವಂತ ಮನೆ. ಅಂಗಳದಲ್ಲಿ ಕೂತು ಹೊಸ ಏಣಿಗೆ ಬಿದಿರಿನ ಗೆಣ್ಣು ಸವರುತ್ತಿದ್ದರು. ಕೆಲಸ ಮಾಡುತ್ತಿದ್ದದ್ದು ಬಲಗೈ. ನನ್ನನ್ನು ಕಂಡದ್ದೇ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಮನೆಯವರು ನೆಂಟರ ಮನೆಗೆ ಹೋಗಿದ್ದರು. ನಾನು ಸುತ್ತಿಬಳಸುವ ಜಾತಿಯಲ್ಲ, ನೇರ ಕೇಳಿದೆ.

‘ಅಣ್ಣ, ನೀವು ಒಪ್ಪಿ ಸೈನ್ ಹಾಕಿದ್ರಲ್ಲ, ಆ ಕಾಗದದಲ್ಲಿ ಎಂತ ಇತ್ತು ಅಂತ ಗೊತ್ತಾ?’

‘ಯಾವ ಕಾಗದ?’

‘ಅವತ್ತು ಬೆಳಿಗ್ಗೆ ರೈಟರ್ ಹಾಕ್ಸಿದ್ರಲ್ಲ.’

‘ಅದು ಹಾಜ್ರಿ ಅಲ್ವಾ?’

ಅವರೇ ಮುಂದುವರಿಸಿದರು.

‘ಹೆಸ್ರು ಕೂಗಿದ್ರು, ಹ್ಞಾ ಅಂದೆ, ಸೈನ್ ಹಾಕ್ದೆ. ದಿನಾ ಹಾಕಲ್ವಾ? ಕಾಗದ ಬೇರೆ ಬಣ್ಣ ಇತ್ತು, ಹೌದು. ಪುಸ್ತಕ ಮುಗ್ದಿರ್ಬೇಕು ಅಂದ್ಕೊಂಡೆ.’

‘ಬೇಡ ಅನ್ನಬಹುದಿತ್ತು ಅಣ್ಣ.’

‘ಹಾಜ್ರಿಗೆ ಯಾರಾದ್ರೂ ಬೇಡ ಅಂತಾರೇನಮ್ಮ?’ ಅಂದು ನಕ್ಕರು. ‘ಬೇಡ ಅಂದ್ರೆ ಅವತ್ತು ಮನೆಗೆ ಹೋಗು ಅಂತ.’

ಹನ್ನೊಂದು ಸಹಿ. ಒಂದೂ ಒಪ್ಪಿಗೆಯಲ್ಲ, ಹನ್ನೊಂದೂ ಹಾಜರಿ. ಎರಡು ಪುಟವನ್ನು ಯಾರೂ ಓದಿರಲಿಲ್ಲ, ಓದಿ ಹೇಳಿಯೂ ಇರಲಿಲ್ಲ. ರೈಟರನ್ನು ದೂರಿ ಪ್ರಯೋಜನವಿಲ್ಲ, ಕೊಟ್ಟವಳು ನಾನು. ಅಂಗಳದ ಕಲ್ಲಿನ ಮೇಲೆ ಕೂತೆ. ಅವರು ಬಿದಿರು ಸವರುವುದನ್ನು ನಿಲ್ಲಿಸಿ, ನನ್ನ ಮುಖ ನೋಡದೆ ಕೇಳಿದರು:

‘ಅದ್ರಲ್ಲಿ ನನ್ ಎಡಗೈ ಕಾಣುತ್ತಾ?’

‘ಕಾಣುತ್ತೆ.’

‘ಸಾವ್ಕಾರ್ರು ನೋಡಿದ್ರಾ?’

‘ಇಲ್ಲ. ಕೇಳ್ತಿದ್ದಾರೆ.’

ಬಿದಿರನ್ನು ಪಕ್ಕಕ್ಕೆ ಇಟ್ಟರು. ಆಮೇಲೆ ತೊಡೆಯ ಕೆಳಗಿನ ಕೈ ತೆಗೆದು ಮಡಿಲಲ್ಲಿಟ್ಟರು. ಅದು ತನ್ನಷ್ಟಕ್ಕೆ ತಾನು ನಡುಗುತ್ತಿತ್ತು.

‘ಕತ್ತಿ ಹಿಡಿದ್ರೆ ನಿಲ್ಲುತ್ತೆ. ಸುಮ್ನೆ ಬಿಟ್ಟಾಗ್ಲೇ ಹಿಂಗೆ. ಒಂದು ವರ್ಷ ಆಯ್ತು. ಮನೇಲಿ ಗೊತ್ತಿಲ್ಲ.’ ಬಲಗೈಯಿಂದ ಅದನ್ನು ಒತ್ತಿ ಹಿಡಿದು, ‘ನನ್ನ ಮರದಿಂದ ಇಳಿಸ್ಬಿಟ್ರೆ ನಾನು ಯಾರಮ್ಮ?’ ಅಂದರು.

ಕಾರಿನಲ್ಲಿ ಹೆಡ್‌ಸೆಟ್ ಇತ್ತು. ‘ಅದು ನಿಮ್ದು ಅಣ್ಣ. ನೋಡ್ತೀರಾ?’ ಅಂದೆ. ತಲೆಯಾಡಿಸಿದರು. ಅಂಗಳದ ನೆರಳಿನಲ್ಲಿ ಕೂರಿಸಿ ಹಾಕಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ದೊಡ್ಡಣ್ಣನಿಗೆ ಬೇಕಾಗಿತ್ತು. ಒಂದು ವರ್ಷ ತನ್ನಿಂದಲೇ ಮುಚ್ಚಿಟ್ಟ ಕೈ ಎದುರಿಗೆ ಗಾಳಿಯಲ್ಲಿ ನಡುಗುವುದನ್ನು ಅವರು ಮೂರು ಸಲ ನೋಡಿದರು. ತೆಗೆದಾಗ ಮುಖದಲ್ಲಿ ಪಟ್ಟಿಯ ಗೆರೆ ಮೂಡಿತ್ತು.

‘ಇದನ್ನ ಡಾಕ್ಟ್ರಿಗೆ ತೋರ್ಸೋಕೆ ಬರುತ್ತಾ? ಜೆರಾಕ್ಸ್ ಥರ?’

‘ವಿಡಿಯೋ ಮಾಡಿ ಕೊಡ್ತೀನಿ.’

‘ನನ್ ಫೋನಿಗೇ ಹಾಕಿ. ಮಗಳದ್ದಕ್ಕೆ ಬೇಡ. ನಿಮ್ ಹತ್ರ ಉಳಿಯೋದೂ ಬೇಡ.’

ಆ ಕೆಲಸದಲ್ಲಿ ನಾನು ಕೇಳಿದ ಮೊದಲ ‘ಬೇಡ’ ಅದು. ವಿಡಿಯೋ ಅವರ ಫೋನಿಗೆ ಹಾಕಿದೆ. ಹೊರಡುವಾಗ ಕೇಳದೆ ಇರಲಾಗಲಿಲ್ಲ. ‘ಅಣ್ಣ, ಈ ಸಲ ಮರ ಹತ್ತುತ್ತೀರಾ?’

‘ನೋಡುವ’ ಅಂದರು.

ಇಡೀ ದಾರಿ ಅದೇ ಗುಂಗು. ಹತ್ತುವುದಿಲ್ಲ ಅಂತಲೋ, ನಿನಗೆ ಹೇಳುವುದಿಲ್ಲ ಅಂತಲೋ? ಬಾಳೂರಿನಿಂದ ಮೂಡಿಗೆರೆಯವರೆಗಿನ ತಿರುವುಗಳಲ್ಲಿ ಎಷ್ಟು ಸಲ ಗೇರ್ ತಪ್ಪಿಸಿದೆನೋ. ಆದರೆ ಕೋಣೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ವಿಷಯ ತೀರ್ಮಾನವಾಗಿತ್ತು.

‘ಎಲ್ಲ ಅಳಿಸಿ ಮೊದಲಿಂದ ಮಾಡುವ’ ಅಂದೆ.

ಜೊತೆಗಾರ ಕುರ್ಚಿಯಿಂದ ಎದ್ದ. ‘ಎಂತ ಹುಚ್ಚು ನಿಂಗೆ? ಬೆಳೆಗಾರರಿಗೆ ತೋರಿಸೋಕೆ ಒಂಬತ್ತೇ ದಿನ ಇದೆ. ಆ ಏಳನೇದೊಂದು ತೆಗೆದ್ರೆ ಸಾಲದಾ?’

‘ಏಳನೇದೊಂದು ಇಲ್ದಿದ್ರೆ ಸಾವ್ಕಾರ್ರು ಮೊದಲು ಕೇಳೋದು ಅದು ಯಾಕಿಲ್ಲ ಅಂತ. ಉಳಿದ ಹತ್ತು ಜನನೂ ಹಾಜ್ರಿ ಹಾಕಿದವರೇ.’

ಅವನು ಬೈದ, ನಾನೂ ಬೈದೆ. ಆಮೇಲೆ ಇಬ್ಬರೂ ಸೇರಿ ಅಳಿಸಲು ಕೂತೆವು. ಅಳಿಸುವುದು ಅಂದರೆ ಒಂದು ಗುಂಡಿ ಒತ್ತುವುದು ಅಂತ ನೀವು ಅಂದುಕೊಂಡಿದ್ದರೆ, ನಾನೂ ಹಾಗೇ ಅಂದುಕೊಂಡಿದ್ದೆ. ನಕಲುಗಳ ಪಟ್ಟಿ ಬರೆಯುತ್ತಾ ಹೋದರೆ ಅದು ಬೆಳೆಯುತ್ತಲೇ ಇತ್ತು. ಎರಡು ಹೆಡ್‌ಸೆಟ್ಟುಗಳಲ್ಲಿ ಒಂದೊಂದು, ನನ್ನ ಲ್ಯಾಪ್‌ಟಾಪು, ಬ್ಯಾಕಪ್ ಡಿಸ್ಕು, ಜೊತೆಗಾರನ ಕಂಪ್ಯೂಟರಿನಲ್ಲಿ ‘ಪರೀಕ್ಷೆಗೆ’ ಅಂತ ಇಟ್ಟದ್ದು. ಕೋಣೆಯ ವೈಫೈ ಸಿಕ್ಕಾಗಲೆಲ್ಲ ಹೆಡ್‌ಸೆಟ್ಟು ತಾನಾಗಿಯೇ ಕ್ಲೌಡಿಗೆ ಏರಿಸುತ್ತಿದ್ದದ್ದು ನಮಗೆ ಗೊತ್ತೇ ಇರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಕೈಚಲನೆಯ ಗೆರೆ ನಯಗೊಳಿಸಲು ಹೊರದೇಶದ ಒಂದು ಸಣ್ಣ ಕಂಪನಿಗೆ ನಾನೇ ಮೂರು ಮಾದರಿ ಕಳಿಸಿದ್ದೆ. ಯಾವ ಮೂರು? ಎರಡು, ಐದು, ಏಳು. ಅವರಿಗೆ ಪತ್ರ ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ. ಊಟದ ನಡುವೆ, ಪೆಟ್ರೋಲ್ ಹಾಕಿಸುವಾಗ, ಹಲ್ಲುಜ್ಜುವಾಗ ಫೋನ್ ನೋಡುತ್ತಿದ್ದೆ. ನಾಲ್ಕನೇ ದಿನ ಅಳಿಸಿದ್ದೇವೆ ಅಂತ ಎರಡು ಸಾಲು ಬಂತು. ನಂಬುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಸೋಮವಾರ ಸಾವುಕಾರರ ಮನೆಯ ಜಗಲಿಯಲ್ಲಿ ನಿಂತು, ಪಟ್ಟಿ ಕೊಡುವುದಿಲ್ಲ, ದಾಖಲೆಗಳನ್ನೂ ಅಳಿಸುತ್ತಿದ್ದೇವೆ ಅಂದೆ. ಕಾರಣ ಕೇಳಿದರು. ಸಹಿಗಳು ಹಾಜರಿಯಾಗಿದ್ದ ಕಥೆ ಹೇಳಿದೆ. ಅದಕ್ಕೆ ಅವರೂ ಒಂದು ಕ್ಷಣ ನಕ್ಕರು. ಆಮೇಲೆ ನಗು ಹೋಯಿತು.

‘ಅದ್ರಲ್ಲಿ ಯಾರ್ದೋ ಕೈ ಸರಿ ಇಲ್ಲ ಅಂತಾಯ್ತು. ಅಲ್ವಾ?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಮುಖ ಬಿಸಿಯಾಯಿತು. ‘ನಾನು ಏನು ಹೇಳಿದ್ರೂ ಅದು ಪಟ್ಟಿ ಕೊಟ್ಟ ಹಾಗೇ ಆಗುತ್ತೆ ಸಾರ್. ನಿಮಗೆ ಹತ್ತೋರ ಆರೋಗ್ಯದ ಚಿಂತೆ ಇದ್ರೆ ಎಲ್ರಿಗೂ ಡಾಕ್ಟ್ರ ಹತ್ರ ತಪಾಸಣೆ ಮಾಡ್ಸಿ. ಅದು ಡಾಕ್ಟ್ರಿಗೂ ಅವ್ರಿಗೂ ಬಿಟ್ಟದ್ದು. ನನ್ ಮಿಷನ್ ಇರೋದು ಕಲಿಸೋಕೆ.’

‘ನಾಳೆ ಯಾರಾದ್ರೂ ಬಿದ್ರೆ ನೀವು ಜವಾಬ್ದಾರಿ ತಗೋತೀರಾ?’

ಏಣಿ, ಸೊಂಟದ ಹಗ್ಗ, ಕೆಳಗೆ ಕಾವಲು ಅಂತ ಏನೇನೋ ಹೇಳಿದೆ. ಆದರೆ ಆ ಪ್ರಶ್ನೆ ನ್ಯಾಯವಾದದ್ದೇ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ‘ನಿಮ್ಮಿಷ್ಟ. ಆದ್ರೆ ಬೆಳೆಗಾರರಿಗೆ ತೋರಿಸೋ ದಿನ ಮುಂದೆ ಹೋಗಲ್ಲ’ ಅಂದು ಒಳಗೆ ಹೋದರು.

ಎರಡನೇ ಸಲದ ಒಪ್ಪಿಗೆಯನ್ನು ಎಸ್ಟೇಟಿನ ಹೊರಗೆ, ಕೆಲಸ ಬಿಟ್ಟ ಮೇಲೆ, ಚಹಾದಂಗಡಿಯ ಹಿಂದಿನ ಬೆಂಚಿನಲ್ಲಿ ಮಾಡಿದೆವು. ರೈಟರಿಲ್ಲ, ಮೇಸ್ತ್ರಿಯಿಲ್ಲ, ಸಾಲಿಲ್ಲ. ಒಬ್ಬೊಬ್ಬರ ಜೊತೆ ಕೂತೆ. ನಿಲ್ಲದವಳು ಕೂತೆ. ‘ಇತರ’ ಅನ್ನುವ ಪದ ಹೋಗಿತ್ತು. ಏನೇನು ತೆಗೆದುಕೊಳ್ಳುತ್ತೇವೆ, ಎಷ್ಟು ದಿನ ಇಡುತ್ತೇವೆ, ಸಾವುಕಾರರಿಗೆ ಏನು ಹೋಗುವುದಿಲ್ಲ ಅಂತ ಬಾಯಲ್ಲೇ ಹೇಳಿದೆ. ಆಮೇಲೆ ಹೆಡ್‌ಸೆಟ್ ಹಾಕಿಸಿ ಒಂದು ಅಭ್ಯಾಸ ಮಾಡಿಸಿದೆ. ದಾಖಲೆ ಶುರುವಾದರೆ ಒಂದು ಕೆಂಪು ದೀಪ. ‘ಬೇಡ’ ಅನ್ನಿ, ದೀಪ ಆರುತ್ತದೆ, ಅಲ್ಲಿವರೆಗೆ ತೆಗೆದದ್ದೂ ಹೋಗುತ್ತದೆ. ಹೋದದ್ದನ್ನು ಅವರಿಗೇ ತೋರಿಸಬೇಕು. ಹನ್ನೊಂದು ಜನರೂ ಮೊದಲು ಒಂದು ಸಲ ‘ಬೇಡ’ ಅನ್ನಲೇಬೇಕು ಅಂತ ನಿಯಮ ಮಾಡಿದೆ.

ನಾಚಿಕೆಯೋ ನಾಚಿಕೆ. ‘ಹೆಂಗಮ್ಮ ನಿಮಗೆ ಬೇಡ ಅನ್ನೋದು!’ ಅಂತ ಮೇಸ್ತ್ರಿಯ ಭಾವ ಬೆಂಚನ್ನು ಎರಡು ಸಲ ತಟ್ಟಿ, ಕಡೆಗೆ ಪಿಸುಗುಟ್ಟಿದರು. ದೀಪ ಆರಿದಾಗ ಬೆರಗಾದರು, ಇನ್ನೊಂದು ಸಲ ಜೋರಾಗಿ ಹೇಳಿ ಆರಿಸಿದರು. ಎಂಟು ಜನ ಆಗಲಿ ಅಂದರು. ಇಬ್ಬರು ‘ನೋಡುವ ಮೇಡಂ’ ಅಂದರು. ಆ ಇಬ್ಬರ ಹೆಸರಿನ ಮುಂದೆ ‘ಬೇಡ’ ಅಂತ ಬರೆದುಕೊಂಡೆ.

ದೊಡ್ಡಣ್ಣ ಕೊನೆಗೆ ಬಂದು ಕೂತರು. ‘ಕಣ್ಣು ತಗೊಳ್ಳಿ. ಬಲಗೈ ತಗೊಳ್ಳಿ. ಎಡಗೈ ಬೇಡ’ ಅಂದರು. ದನಿ ಗಟ್ಟಿಯಿತ್ತು.

ಗೋಡೌನಿನಲ್ಲಿ ಅವರ ಎಡಗೈಗೆ ಪಟ್ಟಿ ಕಟ್ಟಲಿಲ್ಲ. ಹೆಡ್‌ಸೆಟ್ಟಿನ ಕ್ಯಾಮೆರಾ ತಾನಾಗಿ ಹಿಡಿಯುವ ಎಡಗೈಯ ಮಾಹಿತಿಯನ್ನೂ ಪ್ರೋಗ್ರಾಮಿನಲ್ಲೇ ಮುಚ್ಚಿದೆ, ಬರೆಯುವ ಮುಂಚೆಯೇ ಬಿದ್ದುಹೋಗುವ ಹಾಗೆ. ಎಲ್ಲರ ಕಣ್ಣಿನ ಕಚ್ಚಾ ದಾಖಲೆಯನ್ನೂ ಬಿಟ್ಟೆ. ಮೊದಲು ನೆಲ ನೋಡಿದರೋ ಕೊಂಬೆ ನೋಡಿದರೋ, ಅಷ್ಟು ಮಾತ್ರ ಉಳಿಸಿದೆ. ನಮಗೆ ಬೇಕಾಗಿದ್ದದ್ದು ಮೊದಲಿಂದಲೂ ಅಷ್ಟೇ. ಯಾರ ಕೈಯನ್ನೂ ಇದ್ದ ಹಾಗೆ ತೋರಿಸಬಾರದು ಅಂತ ಒಂಬತ್ತು ಜನರ ಏಟುಗಳನ್ನು ಬೆರೆಸಿ ಮರಗಸಿ ಮಾಡುವ ಒಬ್ಬನೇ ಕಸಿಗಾರನನ್ನು ಮಾಡಿದೆವು. ಅವನ ಎಡಗೈಯನ್ನು ಜೊತೆಗಾರ ಬೈದುಕೊಳ್ಳುತ್ತಲೇ ಬೆರಳು ಬೆರಳಾಗಿ ಚಿತ್ರಿಸಿದ. ಒಂಬತ್ತನೇ ದಿನ ಬೆಳೆಗಾರರಿಗೆ ತೋರಿಸಿದೆವು. ಮೇಸ್ತ್ರಿಯೂ ಹಾಕಿಕೊಂಡು ನೋಡಿದರು. ‘ಇದು ಯಾರೂ ಅಲ್ಲ’ ಅಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ಆದರೂ ಸಮಾಧಾನ ಇಲ್ಲ. ದೊಡ್ಡಣ್ಣ ಡಾಕ್ಟರ ಹತ್ತಿರ ಹೋದರೋ ಇಲ್ಲವೋ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಮರಗಸಿ ಶುರುವಾಗುವ ಬೆಳಿಗ್ಗೆ ಕರೆಯದಿದ್ದರೂ ಎಸ್ಟೇಟಿಗೆ ಹೋದೆ. ಜನ ಒಂದು ದೊಡ್ಡ ಮರದ ಬುಡದಲ್ಲಿ ಸೇರಿದ್ದರು. ಸಾವುಕಾರರೂ ಬಂದಿದ್ದರು. ದೊಡ್ಡಣ್ಣನ ಸೊಂಟದಲ್ಲಿ ಕತ್ತಿ ಇತ್ತು, ಅಂಗಳದಲ್ಲಿ ಸವರುತ್ತಿದ್ದ ಹೊಸ ಏಣಿ ಮರಕ್ಕೆ ಒರಗಿತ್ತು. ಈಗಲೂ ಹೇಳಿಬಿಡಲಾ? ಒಂದು ಹೆಜ್ಜೆ ಮುಂದಿಟ್ಟೆ, ನಿಂತೆ.

ಅವರು ಕಾಯಿ ಒಡೆದರು. ಮರಕ್ಕೆ ಕೈಮುಗಿದರು. ಎಲ್ಲರೂ ಕಾಯುತ್ತಿದ್ದರು. ಅವರು ಸೊಂಟದಿಂದ ಕತ್ತಿ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು, ಮೇಸ್ತ್ರಿಯ ಮುಂದೆ ಚಾಚಿದರು.

ಮೇಸ್ತ್ರಿ ಕೂಡಲೇ ತೆಗೆದುಕೊಳ್ಳಲಿಲ್ಲ. ಆಮೇಲೆ ತಲೆಬಗ್ಗಿಸಿ ತೆಗೆದುಕೊಂಡು, ಏನೂ ಕೇಳದೆ ಏಣಿಗೆ ಕಾಲಿಟ್ಟರು.

‘ಮೊದ್ಲು ಕೆಳಗೆ ನೋಡು’ ಅಂದರು ದೊಡ್ಡಣ್ಣ.

ಸಾವುಕಾರರು ಹತ್ತಿರ ಬಂದರು. ‘ಎಂತ ದೊಡ್ಡಣ್ಣ, ಈ ಸಲ ನೀನು ಹತ್ತಲ್ವಾ? ಯಾಕೆ?’

ದೊಡ್ಡಣ್ಣ ಎಡಗೈಯಲ್ಲಿ ಒಡೆದ ಕಾಯಿಯ ಹೋಳನ್ನು ಬಿಗಿಯಾಗಿ ಹಿಡಿದಿದ್ದರು. ಕೈ ಅಲುಗುತ್ತಿರಲಿಲ್ಲ.

‘ನೋಡುವ ಸಾವ್ಕಾರ್ರೆ’ ಅಂದರು.

ಸಾವುಕಾರರು ಇನ್ನೇನಾದರೂ ಬರುತ್ತದೆಯೇನೋ ಅಂತ ಕಾದರು. ಬರಲಿಲ್ಲ. ನನ್ನ ಕಡೆ ತಿರುಗಿದರು. ನಾನು ಕೊಂಬೆ ಬೀಳುವ ಜಾಗ ನೋಡುತ್ತಾ ನಿಂತಿದ್ದೆ.